ಡಿ ಹತ್ತಿದರೆ ದ್ರಾಕ್ಷಿತೋಟ, ಎಪ್ಪತ್ತೊಂದು ಹತ್ತಿದರೆ ಮಸಣ

ಯುರೋಪಿನ ಪ್ಯಾಕೇಜ್ ಟೂರುಗಳಲ್ಲಿ ವಿಯೆನ್ನಾಕ್ಕೆ ಸಿಗುವುದು ಸಾಮಾನ್ಯವಾಗಿ ಒಂದೂವರೆ ದಿನ. ಪ್ರಾಗ್ ಮುಗಿಸಿ ಬಂದು ಬುಡಾಪೆಸ್ಟ್‌ಗೆ ಹೊರಡುವುದರೊಳಗೆ ಶೋನ್‌ಬ್ರುನ್ ಅರಮನೆ ನೋಡಬೇಕು, ಸ್ಟೀಫನ್ ಕೆಥೆಡ್ರಲ್ಲಿನೊಳಗೆ ಕತ್ತೆತ್ತಿ ಬರಬೇಕು, ಒಪೆರಾ ಮುಂದೆ ಫೋಟೊ ತೆಗೆಸಿಕೊಳ್ಳಬೇಕು, ಊರಿನವರಿಗೆ ಹಂಚಲು ಮೊಜಾರ್ಟ್ ಮುಖದ ಚಾಕೊಲೇಟ್ ಡಬ್ಬಿ ಕೊಳ್ಳಬೇಕು. ಮನೆಗೆ ಬಂದು ಫೋಟೊ ನೋಡಿದರೆ ಹಿಂದೆ ಕೆಂಪು ಬಿಳಿ ಬಣ್ಣದ ಟ್ರಾಂ ಒಂದು ಹಾದುಹೋಗಿರುತ್ತದೆ. ಅದನ್ನು ಹತ್ತಿ ಕೂತವರು ಕಡಿಮೆ.

ಹತ್ತಬೇಕಿತ್ತು. ವಿಯೆನ್ನಾದ ಮೆಟ್ರೋ ಚೆನ್ನಾಗಿಯೇ ಇದೆ, ವೇಗವಾಗಿಯೂ ಹೋಗುತ್ತದೆ. ಆದರೆ ಒಂದು ಕಡೆ ನೆಲದೊಳಗೆ ಇಳಿದು ಇನ್ನೊಂದು ಕಡೆ ಮೇಲೆದ್ದವನಿಗೆ ಎರಡರ ನಡುವಿನ ಊರು ಸಿಗುವುದೇ ಇಲ್ಲ. ಟೂರಿಸ್ಟ್ ಬಸ್ಸಿನದು ಬೇರೆ ತಾಪತ್ರಯ. ಅದು ತೋರಿಸಬೇಕೆಂದುಕೊಂಡದ್ದನ್ನಷ್ಟೇ ತೋರಿಸುತ್ತದೆ. ಟ್ರಾಂಗೆ ನಿಮ್ಮ ಮುಲಾಜಿಲ್ಲ. ಅರಮನೆಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೋ ಕನ್ನಡಕದಂಗಡಿಯ ಮುಂದೆಯೂ ಅಷ್ಟೇ ಹೊತ್ತು. ಪಕ್ಕದಲ್ಲಿ ಕೂತವರು ಕೆಲಸಕ್ಕೋ ಸ್ಕೂಲಿಗೋ ಸಂತೆಗೋ ಹೊರಟವರು. ಅವರ ಕಾಲಬುಡದಲ್ಲಿ ಬಾಯಿಗೆ ಕುಕ್ಕೆ ಕಟ್ಟಿಸಿಕೊಂಡ ನಾಯಿಯೊಂದು ಗಲ್ಲವನ್ನು ನೆಲಕ್ಕೆ ಒತ್ತಿ ಮಲಗಿರುತ್ತದೆ. ನಾಯಿಗೆ ಬಾಯಿಕುಕ್ಕೆ, ಕೊರಳಿಗೆ ಹಗ್ಗ ಇಲ್ಲದೆ ಅಲ್ಲಿ ಟ್ರಾಂ ಹತ್ತುವ ಹಾಗಿಲ್ಲ. ಪಾಪ, ಪ್ರತಿ ತಿರುವಿನಲ್ಲೂ ಅದು ಕಣ್ಣುಮಾತ್ರ ತೆರೆದು ಇದು ನಮ್ಮ ಸ್ಟಾಪೋ ಎಂಬಂತೆ ಯಜಮಾನಿಯ ಮುಖ ನೋಡುತ್ತದೆ.

ಇಷ್ಟಕ್ಕೇ ನಾನು ಟ್ರಾಂ ಹತ್ತಿ ಎಂದು ಹೇಳುತ್ತಿಲ್ಲ. ವಿಯೆನ್ನಾ ಊರಿನ ನಕ್ಷೆ ಟ್ರಾಂಗಳ ಹಣೆಯ ಮೇಲೇ ಬರೆದಿದೆ. ಅದನ್ನು ಓದಲು ಬಂದರೆ ಫೋನಿನ ಮ್ಯಾಪ್ ಅರ್ಧ ದಿನ ಜೇಬಿನಲ್ಲೇ ಇರಬಹುದು.

ನಂಬರಿನೊಳಗಿನ ಊರು

ಹಳೆಯ ವಿಯೆನ್ನಾ ಕೋಟೆಯೊಳಗಿನ ಊರು. 1857ರ ಡಿಸೆಂಬರಿನಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಕೋಟೆ ಕೆಡವಲು ಅಪ್ಪಣೆ ಕೊಟ್ಟ. ಗೋಡೆ, ಕಂದಕ, ಅದರಾಚೆಯ ಬಯಲು ಎಲ್ಲ ಸೇರಿದ ಜಾಗದಲ್ಲಿ ಊರಿನ ನಡುಭಾಗವನ್ನು ಸುತ್ತುವರಿದು ಅಗಲವಾದ ಬೀದಿಯೊಂದು ಬಂತು. ಅದೇ ರಿಂಗ್‌ಸ್ಟ್ರಾಸ. 1865ರ ಮೇ 1ರಂದು ಅದರ ಉದ್ಘಾಟನೆಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೋಟೆಬಾಗಿಲೊಂದರ ಹೆಸರು ಉಳಿಸಿಕೊಂಡಿದ್ದ ಶೊಟೆನ್‌ಟೋರ್‌ನಿಂದ ಹೆರ್ನಾಲ್ಸ್ ಕಡೆಗೆ ಮೊದಲ ಕುದುರೆ ಟ್ರಾಂ ಹೊರಟಿತು. ವಿದ್ಯುತ್ ಟ್ರಾಂ ಬಂದದ್ದು 1897ರ ಜನವರಿ 28ರಂದು, ಇವತ್ತು 5ನೇ ನಂಬರಿನ ಟ್ರಾಂ ಓಡುವ ದಾರಿಯಲ್ಲಿ. ನಮ್ಮ ಮದರಾಸಿನಲ್ಲಿ ಅದಕ್ಕಿಂತ ಎರಡು ವರ್ಷ ಮೊದಲೇ, 1895ರಲ್ಲಿ, ವಿದ್ಯುತ್ ಟ್ರಾಂ ಓಡಿತ್ತು. ಮದರಾಸು 1953ರಲ್ಲಿ ಅದನ್ನು ನಿಲ್ಲಿಸಿತು, ಮುಂಬೈ 1964ರಲ್ಲಿ. ವಿಯೆನ್ನಾ ಕೂಡ ಸಾಕಷ್ಟು ಹಳಿ ಕಿತ್ತಿತು. ಒಂದು ಕಾಲಕ್ಕೆ 300 ಕಿಲೋಮೀಟರ್ ಮೀರಿದ್ದ ಜಾಲ ಈಗ ಸುಮಾರು 170ಕ್ಕೆ ಇಳಿದಿದೆ. ಆದರೆ ಪೂರ್ತಿ ಕೀಳಲಿಲ್ಲ.

ರಿಂಗಿನ ಆಚೆ, ಇನ್ನೊಂದು ಸುತ್ತಿನಲ್ಲಿ ಗ್ಯುರ್ಟೆಲ್ ಎಂಬ ಹೊರವರ್ತುಲ ರಸ್ತೆಯಿದೆ. ಅದೂ ಹಳೆಯ ಹೊರಗೋಡೆಯೊಂದು ಹೋದ ಜಾಗವೇ. ಅಂದರೆ ಊರಿಗೆ ಎರಡು ಬಳೆಗಳು, ನಡುವಿನಿಂದ ಹೊರಕ್ಕೆ ಹರಡಿದ ಬೀದಿಗಳು. 1907ರಲ್ಲಿ ಟ್ರಾಂಗಳಿಗೆ ನಂಬರು ಕೊಡಲು ಕೂತವರು ಈ ಆಕಾರವನ್ನೇ ಹಿಡಿದುಕೊಂಡರು. ಊರನ್ನು ಸುತ್ತುವ, ಅಡ್ಡ ಹಾಯುವ ಟ್ರಾಂಗಳಿಗೆ 1ರಿಂದ 20. ನಡುವಿನಿಂದ ಹೊರಕ್ಕೆ ಹೋಗುವವಕ್ಕೆ 21ರಿಂದ 80. ಒಂದು ತುದಿಯಿಂದ ಹೊರಟು ನಡುಭಾಗ ಹಾದು ಇನ್ನೊಂದು ತುದಿ ತಲುಪುವವಕ್ಕೆ ಅಕ್ಷರ.

ಸೊಗಸಿರುವುದು ಎರಡನೆಯ ಗುಂಪಿನಲ್ಲಿ. ಇಪ್ಪತ್ತರ ಸಾಲಿನ ನಂಬರುಗಳು ಈಶಾನ್ಯದಲ್ಲಿ, ಡ್ಯಾನ್ಯೂಬ್ ನದಿಯ ಕಡೆ. ಅಲ್ಲಿಂದ ಗಡಿಯಾರಕ್ಕೆ ಎದುರಾಗಿ ಸುತ್ತುತ್ತಾ ಬನ್ನಿ. 31 ಉತ್ತರಕ್ಕೆ ನದಿ ದಾಟಿ ಹೋಗುತ್ತದೆ. 38, 41, 43 ವಾಯವ್ಯದ ಗುಡ್ಡಗಳ ತಪ್ಪಲಿಗೆ. 49, 52 ಪಶ್ಚಿಮಕ್ಕೆ. 60, 62 ನೈಋತ್ಯಕ್ಕೆ. 71 ಆಗ್ನೇಯಕ್ಕೆ. ನಮ್ಮ ಬಿಎಂಟಿಸಿಯಲ್ಲಿ 500 ಕಂಡರೆ ರಿಂಗ್ ರೋಡು, 335 ಕಂಡರೆ ವೈಟ್‌ಫೀಲ್ಡ್ ಕಡೆ ಎಂದು ಬೆಂಗಳೂರಿನವರು ಬೋರ್ಡು ಓದದೆಯೇ ಹೇಳುತ್ತಾರಲ್ಲ, ಹಾಗೆ. ವ್ಯತ್ಯಾಸವೆಂದರೆ ವಿಯೆನ್ನಾದಲ್ಲಿ ಈ ಲೆಕ್ಕ ಹೊಸಬನಿಗೂ ಒಂದು ಬೆಳಗಿನಲ್ಲಿ ಹಿಡಿತಕ್ಕೆ ಸಿಗುತ್ತದೆ. ನಲವತ್ತರ ಆಸುಪಾಸಿನ ನಂಬರು ಕಂಡಿತೆಂದರೆ ಅದರ ಒಂದು ಕೊನೆ ಗುಡ್ಡದ ಕಡೆ. ಬಸ್ಸುಗಳೂ ಇದಕ್ಕೇ ಜೋತುಬಿದ್ದಿವೆ. 38ನೇ ಟ್ರಾಂ ನಿಲ್ಲುವ ಗ್ರಿನ್‌ತ್ಸಿಂಗ್‌ನಿಂದ ಮುಂದಕ್ಕೆ, 484 ಮೀಟರ್ ಎತ್ತರದ ಕಾಲೆನ್‌ಬೆರ್ಗ್ ಗುಡ್ಡಕ್ಕೆ ಏರುವ ಬಸ್ಸಿನ ನಂಬರು 38ಎ. 1683ರಲ್ಲಿ ಆಟೊಮನ್ ಮುತ್ತಿಗೆ ಮುರಿಯಲು ಬಂದ ಪಡೆ ಇಳಿದದ್ದು ಆ ಗುಡ್ಡದಿಂದಲೇ.

ಅಕ್ಷರಗಳ ಸಾಲಿನಲ್ಲಿ ಈಗ ಉಳಿದಿರುವವು ಎರಡೇ: ಡಿ ಮತ್ತು ಓ.

ಗೇಟಿಲ್ಲ, ಕಂಡಕ್ಟರಿಲ್ಲ

ನಮ್ಮವರಿಗೆ ಮೊದಲ ಗಲಿಬಿಲಿ ಟಿಕೆಟ್ಟಿನದು. ಹತ್ತುವಾಗ ಯಾರೂ ಕೇಳುವುದಿಲ್ಲ. ಗೇಟಿಲ್ಲ, ಕಂಡಕ್ಟರಿಲ್ಲ, ಡ್ರೈವರ್ ಗಾಜಿನ ಹಿಂದೆ ತನ್ನ ಪಾಡಿಗಿರುತ್ತಾನೆ. ಪೇಪರ್ ಟಿಕೆಟ್ಟಾದರೆ ಮೊದಲೇ ಕೊಂಡು, ಮುದ್ರೆ ಒತ್ತುವ ಪೆಟ್ಟಿಗೆಯ ಬಾಯಿಗೆ ನೀವೇ ತೂರಿಸಬೇಕು. ಟಕ್ ಎಂದು ತಾರೀಕು, ಗಂಟೆ ಬೀಳುತ್ತದೆ. ಮುದ್ರೆಯಿಲ್ಲದ ಟಿಕೆಟ್ಟು ಜೇಬಿನಲ್ಲಿದ್ದರೂ ಇಲ್ಲದ ಲೆಕ್ಕ. ತ್ರಾಫಿಕ್ ಎಂಬ ಬೋರ್ಡಿನ, ಸಿಗರೇಟು ಪೇಪರು ಮಾರುವ ಪುಟ್ಟ ಅಂಗಡಿಗಳಲ್ಲಿ, ಮೆಟ್ರೋ ನಿಲ್ದಾಣದ ಯಂತ್ರಗಳಲ್ಲಿ, ಫೋನಿನ ಆ್ಯಪ್‌ನಲ್ಲಿ ಟಿಕೆಟ್ ಸಿಗುತ್ತದೆ. ಬಿಡಿ ಟಿಕೆಟ್ಟಿನಲ್ಲಿ ಟ್ರಾಂ, ಬಸ್ಸು, ಮೆಟ್ರೋ ಬದಲಾಯಿಸುತ್ತಾ ಒಂದೇ ದಿಕ್ಕಿಗೆ ಹೋಗಬಹುದು. ನಡುವೆ ಇಳಿದು ಕಾಫಿ ಕುಡಿದು ಮತ್ತೆ ಹತ್ತುವಂತಿಲ್ಲ, ಅದರಲ್ಲೇ ವಾಪಸು ಬರುವಂತೆಯೂ ಇಲ್ಲ. ಟ್ರಾಂನ ಸುಖವಿರುವುದೇ ಎಲ್ಲೆಂದರಲ್ಲಿ ಇಳಿಯುವುದರಲ್ಲಿ. ಹಾಗಾಗಿ 24 ಗಂಟೆಯ ಅಥವಾ ಅದಕ್ಕಿಂತ ಹೆಚ್ಚು ದಿನಗಳ ಪಾಸು ಕೊಳ್ಳುವುದೇ ಜಾಣತನ. ಮೂರು ದಿನವಿದ್ದು ದಿನವೂ ಬಿಡಿ ಟಿಕೆಟ್ ಕೊಳ್ಳುವವರು ಉಳಿಸುವುದೂ ಇಲ್ಲ, ತಿರುಗುವುದೂ ಇಲ್ಲ.

ಯಾರೂ ಕೇಳುವುದಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಸಾದಾ ಬಟ್ಟೆಯ ಚೆಕಿಂಗ್‌ನವರು ಇದ್ದಾರೆ. ಹಿಂದೆ ಕರಿ ಟೋಪಿ ಹಾಕುತ್ತಿದ್ದ ಕಾರಣ ಊರಿನವರ ಬಾಯಲ್ಲಿ ಈಗಲೂ ಅವರು ಕರಿಟೋಪಿಯವರೇ. ಮುಂದಿನ ಸೀಟಿನಲ್ಲಿ ಪೇಪರ್ ಓದುತ್ತಿದ್ದ ಮನುಷ್ಯ ಎದ್ದು ನಿಂತು ಕಾರ್ಡು ತೋರಿಸಿದರೆ ಮುಗಿಯಿತು. ದಂಡ ನೂರು ಯೂರೋ ಮೀರುತ್ತದೆ, ಪ್ರವಾಸಿ ಎಂಬ ರಿಯಾಯಿತಿ ಇಲ್ಲ.

ಗೇಟೇ ಇಲ್ಲದೆ ಇದು ಹೇಗೆ ನಡೆಯುತ್ತದೆ? ಹೆದರಿಕೆಗಿಂತ ಲೆಕ್ಕಾಚಾರ ದೊಡ್ಡದು ಎಂದು ನನಗನಿಸುತ್ತದೆ. 2012ರಲ್ಲಿ ನಗರಾಡಳಿತ ವಾರ್ಷಿಕ ಪಾಸಿನ ದರವನ್ನು 449 ಯೂರೋದಿಂದ 365ಕ್ಕೆ ಇಳಿಸಿತು, ದಿನಕ್ಕೊಂದು ಯೂರೋ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ದರ ನಿಂತಿತು. ಈಗ ಏರಿದೆ, ಆದರೂ ಜೇಬಿನಲ್ಲಿ ಪಾಸಿರುವುದು ಆ ಊರಿನಲ್ಲಿ ಅಭ್ಯಾಸವಾಗಿಹೋಗಿದೆ. ಬಹುಮಂದಿಯ ಬಳಿ ಪಾಸಿರುವಾಗ ಗೇಟು ಕಟ್ಟಿ, ಕಾವಲಿಟ್ಟು, ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವುದೇ ದಂಡ.

ಇನ್ನೊಂದು ಮಾತು, ಇದು ಮೈಕೈಗೆ ಸಂಬಂಧಿಸಿದ್ದು. ನಾವು ಎಡಕ್ಕೆ ಗಾಡಿ ಓಡಿಸುವ ದೇಶದವರು, ರಸ್ತೆ ದಾಟುವಾಗ ಕಣ್ಣು ತಾನಾಗಿ ಬಲಕ್ಕೆ ಹೋಗುತ್ತದೆ. ಅಲ್ಲಿ ಮೊದಲು ಎಡಕ್ಕೆ ನೋಡಬೇಕು. (ವಿಯೆನ್ನಾದಲ್ಲೂ 1938ರವರೆಗೆ ಎಡಬದಿಯೇ ಇತ್ತು. ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿದ ಮೇಲೆ, ಆ ವರ್ಷದ ಸೆಪ್ಟೆಂಬರಿನಲ್ಲಿ, ಬಲಕ್ಕೆ ಬದಲಾಯಿತು.) ರಿಂಗ್ ಮೇಲಂತೂ ಎರಡೂ ಕಡೆ ನೋಡಿ: ಕಾರುಗಳಿಗೆ ಏಕಮುಖ, ಟ್ರಾಂಗಳಿಗೆ ಎರಡೂ ಮುಖ. ಟ್ರಾಂ ಸದ್ದು ಮಾಡದೆ ಬರುತ್ತದೆ, ನಿಲ್ಲಲು ಅದಕ್ಕೆ ಬಸ್ಸಿಗಿಂತ ಹೆಚ್ಚು ದೂರ ಬೇಕು. ಗಂಟೆ ಬಾರಿಸಿದರೆ ಹಿಂದೆ ಸರಿಯಿರಿ. ಆ ಗಂಟೆಯ ಸದ್ದಿನಿಂದಲೇ ಊರಿನವರು ಟ್ರಾಂಗೆ ಬಿಮ್ ಎನ್ನುವುದು.

ಬಾಗಿಲು ತಾನಾಗಿ ತೆರೆಯುತ್ತದೆಂದು ಕಾಯಬೇಡಿ, ಗುಂಡಿ ಒತ್ತಬೇಕು. ಹತ್ತುವುದು ಸುಲಭ. 1990ರ ದಶಕದಲ್ಲಿ ಬಂದ ಉಲ್ಫ್ ಮಾದರಿಯ ಗಾಡಿಗಳಲ್ಲಿ ಬಾಗಿಲ ಬಳಿ ನೆಲ ರಸ್ತೆಯಿಂದ 20 ಸೆಂಟಿಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ. ಊರುಗೋಲಿನ ಅಜ್ಜಿ, ಮಗುವಿನ ತಳ್ಳುಗಾಡಿ, ಎರಡು ಸೂಟ್‌ಕೇಸಿನ ನಮ್ಮಂಥವರು ಎಲ್ಲ ಒಂದೇ ಹೆಜ್ಜೆಯಲ್ಲಿ ಒಳಗೆ. ಇಷ್ಟು ತಗ್ಗಿಸಲು ಚಕ್ರಗಳ ಅಡ್ಡ ಅಚ್ಚನ್ನೇ ತೆಗೆದು, ಯಂತ್ರಗಳನ್ನು ಗಾಡಿಯ ಭಾಗಗಳು ಕೂಡುವ ಕಡೆ ನಿಲ್ಲಿಸಿದರು. ಹಾಗಾಗಿ ಆ ಕೂಡುಗಳ ಬಳಿ ಎರಡೂ ಬದಿ ದಪ್ಪ ಕಂಬಗಳಂತೆ ಮುಂದೆ ಬಂದಿರುತ್ತವೆ. ದಾರಿ ಅಲ್ಲಿ ಕಿರಿದು. ಸೂಟ್‌ಕೇಸು ಇದ್ದರೆ ಬಾಗಿಲ ಬಳಿಯೇ ನಿಲ್ಲುವುದು ವಾಸಿ.

ಡಿ ಎಂಬ ಪಾಠ

ರಿಂಗ್ ಸುತ್ತಿ ಬರಲು 2008ರವರೆಗೆ 1 ಅಥವಾ 2 ಹತ್ತಿ ಕೂತರೆ ಸಾಕಿತ್ತು, ಹೊರಟಲ್ಲಿಗೇ ತಂದು ಬಿಡುತ್ತಿದ್ದವು. ಆ ವರ್ಷ ಅವುಗಳ ದಾರಿ ಬದಲಿಸಿದರು, ಮರುವರ್ಷ ಪ್ರವಾಸಿಗರಿಗೆಂದೇ ಬೇರೆ ಟಿಕೆಟ್ಟಿನ ಹಳದಿ ಟ್ರಾಂ ಬಿಟ್ಟರು. ವ್ಯಾಪಾರಬುದ್ಧಿ ಅರ್ಥವಾಗುತ್ತದೆ, ಮೆಚ್ಚುವುದು ಕಷ್ಟ. ಶ್ವೇಡೆನ್‌ಪ್ಲಾಟ್ಸ್‌ನಲ್ಲಿ 2 ಹತ್ತಿ ಪಾರ್ಲಿಮೆಂಟಿನ ಬಳಿ 1ಕ್ಕೆ ಬದಲಾಯಿಸಿದರೆ ಅದೇ ಸುತ್ತು ಪಾಸಿನಲ್ಲೇ ಆಗುತ್ತದೆ.

ಆದರೆ ಒಂದೇ ಟ್ರಾಂ ಹತ್ತಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಡಿ. ಹಾಪ್ಟ್‌ಬಾನ್‌ಹೋಫ್, ಅಂದರೆ ದೊಡ್ಡ ರೈಲು ನಿಲ್ದಾಣದ ಬಳಿ ಹತ್ತಿ ಉತ್ತರದ ಕಡೆಯ ಬೋರ್ಡು ನೋಡಿ ಕೂರಿ. ಸ್ವಲ್ಪ ಹೊತ್ತಿನಲ್ಲೇ ಬೆಲ್ವೆಡೇರ್ ಅರಮನೆ. ಕ್ಲಿಮ್ಟ್‌ನ ‘ಮುತ್ತು’ ಚಿತ್ರ ಇರುವುದು ಅಲ್ಲೇ. ಇಳಿಜಾರು ಇಳಿದು ರಿಂಗ್ ಸೇರಿದ ಮೇಲೆ ಎಡಬಲ ಎರಡೂ ಕಡೆ ಕತ್ತು ತಿರುಗಿಸುವ ಕೆಲಸ. ಒಪೆರಾ 1869ರದು. ಕಟ್ಟುತ್ತಿರುವಾಗಲೇ ಎದುರಿನ ರಸ್ತೆಯನ್ನು ಸುಮಾರು ಒಂದು ಮೀಟರ್ ಎತ್ತರಿಸಿದ್ದರಿಂದ ಕಟ್ಟಡ ಹೂತಂತೆ ಕಾಣುತ್ತದೆಂದು ಊರೆಲ್ಲ ಆಡಿಕೊಂಡಿತು. ವಾಸ್ತುಶಿಲ್ಪಿಗಳಿಬ್ಬರಲ್ಲಿ ಒಬ್ಬನಾದ ವಾನ್ ಡೆರ್ ನ್ಯುಲ್ 1868ರಲ್ಲಿ ನೇಣು ಹಾಕಿಕೊಂಡ. ಜೊತೆಗಾರ ಸಿಕಾರ್ಡ್ಸ್‌ಬುರ್ಗ್ ಕೆಲವೇ ವಾರಗಳಲ್ಲಿ ತೀರಿಕೊಂಡ. ಕಟ್ಟಡದಲ್ಲಿ ಮೊದಲ ಸಂಗೀತ ಕೇಳಲು ಇಬ್ಬರೂ ಇರಲಿಲ್ಲ.

ಮುಂದಕ್ಕೆ ಅವಳಿ ಮ್ಯೂಸಿಯಮ್ಮುಗಳು, ಗ್ರೀಕ್ ದೇವಾಲಯದಂಥ ಪಾರ್ಲಿಮೆಂಟು, ಗೋಥಿಕ್ ಗೋಪುರದ ನಗರಸಭಾ ಭವನ ರಾಟ್‌ಹೌಸ್, ಎದುರಿಗೆ ಬುರ್ಗ್ ನಾಟಕಶಾಲೆ, ಆಮೇಲೆ ವಿಶ್ವವಿದ್ಯಾಲಯ. ಒಂದೊಂದೂ ಒಂದೊಂದು ಕಾಲದ ವೇಷ ಹಾಕಿಕೊಂಡು ನಿಂತಿವೆ, ಎಲ್ಲವೂ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳವೇ. ವಿಶ್ವವಿದ್ಯಾಲಯದ ಮುಂದಿನ ರಿಂಗಿನ ತುಂಡಿಗೆ 2012ರವರೆಗೆ ಮೇಯರ್ ಕಾರ್ಲ್ ಲ್ಯೂಗರ್ ಹೆಸರಿತ್ತು. ಟ್ರಾಂಗಳನ್ನು ನಗರಾಡಳಿತದ ಕೈಗೆ ತಂದವನು ಅವನೇ. ಯಹೂದಿ ದ್ವೇಷವನ್ನು ಚುನಾವಣೆಯ ಬಂಡವಾಳ ಮಾಡಿಕೊಂಡವನೂ ಅವನೇ. ಹೆಸರು ತೆಗೆದು ವಿಶ್ವವಿದ್ಯಾಲಯದ ಹೆಸರಿಟ್ಟರು.

ಶೊಟೆನ್‌ಟೋರ್‌ನಲ್ಲಿ ಒಮ್ಮೆ ಇಳಿಯಿರಿ, ಪಾಸಿದೆಯಲ್ಲ. ಇಲ್ಲಿ ವಾಯವ್ಯದ ಟ್ರಾಂಗಳೆಲ್ಲ ಎರಡು ಅಂತಸ್ತಿನಲ್ಲಿ ಸುತ್ತು ಹೊಡೆದು ಹಿಂತಿರುಗುತ್ತವೆ. 1961ರಲ್ಲಿ ನೆಲ ಅಗೆದು ಮಾಡಿದ ಈ ದುಂಡು ಗುಂಡಿಗೆ ಊರಿನವರು ಆಗಿನ ಮೇಯರ್ ಫ್ರಾನ್ಸ್ ಯೋನಾಸ್‌ನ ಬೋಗುಣಿ ಎಂದು ಹೆಸರಿಟ್ಟರು. ಕೆಳಗಿನ ಕಟ್ಟೆಯಲ್ಲಿ ನಿಂತು ನೋಡಿದರೆ ನಲವತ್ತರ ಸಾಲಿನ ನಂಬರುಗಳು ಒಂದರ ಹಿಂದೊಂದು ಕಿರುಗುಡುತ್ತಾ ತಿರುಗುತ್ತವೆ. ಮೇಲಿನ ಬಯಲಿಂದ ಬೆಳಕು ಬೀಳುತ್ತದೆ. ವಿದ್ಯಾರ್ಥಿಗಳು ಗಾಡಿ ಪೂರ್ತಿ ನಿಲ್ಲುವ ಮೊದಲೇ ಬಾಗಿಲಿಗೆ ಅಡ್ಡ ಬಂದು ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಜೊತೆಗೇ ನಡೆಯುತ್ತಾರೆ. ನುಗ್ಗಾಟ ನಮ್ಮ ಸ್ವತ್ತು ಮಾತ್ರ ಎಂದುಕೊಂಡವರಿಗೆ ಸಮಾಧಾನವಾಗುವ ದೃಶ್ಯ.

ಮತ್ತೆ ಡಿ ಹತ್ತಿದರೆ ಊರಿನ ಬಣ್ಣ ಬದಲಾಗುತ್ತದೆ. ಶ್ಲಿಕ್‌ಗಾಸ ಸ್ಟಾಪಿನ ಹತ್ತಿರವೇ ಬೆರ್ಗ್‌ಗಾಸ 19, ಫ್ರಾಯ್ಡ್ 1891ರಿಂದ 1938ರವರೆಗೆ ಇದ್ದ ಮನೆ. ಕ್ಯಾಮೆರಾಗಳು ಇಳಿದುಹೋಗುತ್ತವೆ, ತರಕಾರಿ ಚೀಲಗಳು ಹತ್ತುತ್ತವೆ. ಸ್ವಲ್ಪ ಮುಂದೆ ಚಿನ್ನದ ಬಣ್ಣದ ಗುಂಡು ಹೊತ್ತ ಬಣ್ಣಬಣ್ಣದ ಚಿಮಣಿ ಕಾಣುತ್ತದೆ. ಪ್ರವಾಸಿ ತಾಣವೆಂದು ತಿಳಿದು ಕ್ಯಾಮೆರಾ ಎತ್ತುವವರಿದ್ದಾರೆ. ಅದು ಕಸ ಸುಡುವ ಸ್ಪಿಟೆಲಾವ್ ಸ್ಥಾವರ. 1987ರ ಬೆಂಕಿಯ ನಂತರ ಕಲಾವಿದ ಹುಂಡರ್ಟ್‌ವಾಸರ್ ಅದಕ್ಕೆ ಹೊಸ ರೂಪ ಕೊಟ್ಟ. ಅಲ್ಲಿನ ಬಿಸಿ ಸುತ್ತಲಿನ ಮನೆಗಳಿಗೆ ಕೊಳವೆಯಲ್ಲಿ ಹೋಗುತ್ತದೆ.

ಹೈಲಿಗೆನ್‌ಸ್ಟಾಟ್‌ನಲ್ಲಿ ಒಂದು ಕಟ್ಟಡ ಮುಗಿಯುವುದೇ ಇಲ್ಲ. ಕಾರ್ಲ್ ಮಾರ್ಕ್ಸ್ ಹೋಫ್, ಒಂದು ಕಿಲೋಮೀಟರಿಗೂ ಉದ್ದ, ಕಮಾನು ಬಾಗಿಲುಗಳು, 1,382 ಮನೆಗಳು. ಸೋಷಲಿಸ್ಟರು ನಗರಾಡಳಿತ ನಡೆಸುತ್ತಿದ್ದಾಗ ಕಾರ್ಮಿಕರಿಗೆಂದು ಕಟ್ಟಿಸಿ 1930ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಕಾರ್ಲ್ ಏನ್. ಒಳಗೆ ಬಟ್ಟೆ ಒಗೆಯುವ ಮನೆ, ಸ್ನಾನದ ಮನೆ, ಶಿಶುವಿಹಾರ ಎಲ್ಲ ಇತ್ತು. 1934ರ ಫೆಬ್ರವರಿ ಅಂತರ್ಯುದ್ಧದಲ್ಲಿ ಸರ್ಕಾರಿ ಸೈನ್ಯ ಇದರ ಮೇಲೆ ಫಿರಂಗಿ ಹಾರಿಸಿತು. ಎದುರಿನ ಚೌಕಕ್ಕೆ ‘ಫೆಬ್ರವರಿ 12’ ಎಂದೇ ಹೆಸರು. ರಿಂಗ್ ಮೇಲೆ ಸಾಮ್ರಾಜ್ಯ ತನಗೆ ತಾನೇ ಕಟ್ಟಿಕೊಂಡ ವೈಭವ ನೋಡಿದ ಅದೇ ಗಾಡಿಯ ಅದೇ ಕಿಟಕಿಯಲ್ಲಿ ಇದನ್ನೂ ನೋಡಬಹುದು. ಯಾವ ಗೈಡೂ ಇವೆರಡನ್ನು ಒಂದೇ ಟಿಕೆಟ್ಟಿನಲ್ಲಿ ಜೋಡಿಸಿ ತೋರಿಸುವುದನ್ನು ನಾನು ಕಂಡಿಲ್ಲ.

ಕೊನೆಯ ಸ್ಟಾಪು ನುಸ್‌ಡೋರ್ಫ್. ಪಕ್ಕದಲ್ಲೇ ತೊರೆಯ ಗುಂಟ ಬೀಥೋವನ್ ಹೆಸರಿನ ಕಾಲುದಾರಿ. ಕಿವಿ ಹೋಗುತ್ತಿರುವ ಸಂಕಟವನ್ನು ತಮ್ಮಂದಿರಿಗೆ ಬರೆದು, ಕಳಿಸದೆ ಇಟ್ಟುಕೊಂಡ ಪತ್ರವನ್ನು ಅವನು 1802ರಲ್ಲಿ ಬರೆದದ್ದು ಇಲ್ಲೇ ಹತ್ತಿರದಲ್ಲಿ. ದಾರಿ ಮೇಲಕ್ಕೆ ಏರುತ್ತಾ ದ್ರಾಕ್ಷಿತೋಟದೊಳಗೆ ಹೋಗುತ್ತದೆ. ವಿಯೆನ್ನಾದ ನಗರ ಎಲ್ಲೆಯೊಳಗೇ ಸುಮಾರು 600 ಹೆಕ್ಟೇರ್ ದ್ರಾಕ್ಷಿ ಇದೆ. ಬೆಳೆದವರು ತಮ್ಮ ವೈನನ್ನು ತಮ್ಮ ಅಂಗಳದಲ್ಲೇ ಮಾರಬಹುದೆಂದು 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಅನುಮತಿ ಕೊಟ್ಟ. ಬಾಗಿಲ ಮೇಲೆ ಪೈನ್ ಸೊಪ್ಪಿನ ಗೊಂಚಲು ನೇತಾಡುತ್ತಿದ್ದರೆ ಅಂಗಳ ತೆರೆದಿದೆ ಎಂದರ್ಥ. ವೈನ್ ಬೇಡದವರಿಗೆ ದ್ರಾಕ್ಷಿ ರಸವಿದೆ. ಸಸ್ಯಾಹಾರಿಗಳಿಗೆ ಕರಿ ಬ್ರೆಡ್ಡು, ಕೆಂಪು ಮೆಣಸಿನಪುಡಿ ಕಲೆಸಿದ ಲಿಪ್ಟಾವರ್ ಚೀಸು, ಆಲೂಗಡ್ಡೆ ಸಲಾಡ್. ಸಲಾಡಿಗೆ ಮಾಂಸದ ಸಾರು ಹಾಕುವುದುಂಟು, ಕೇಳಿಯೇ ತೆಗೆದುಕೊಳ್ಳಿ.

ಎಪ್ಪತ್ತೊಂದರ ದಾರಿ

ಯಾರಾದರೂ ತೀರಿಕೊಂಡರೆ ವಿಯೆನ್ನಾದವರು ‘ಎಪ್ಪತ್ತೊಂದು ಹತ್ತಿದ’ ಎನ್ನುತ್ತಾರೆ. 71 ಹೋಗುವುದು ಆಗ್ನೇಯದ ಕೇಂದ್ರ ಸ್ಮಶಾನಕ್ಕೆ. 1874ರಲ್ಲಿ ತೆರೆದಾಗ ಅದು ಊರಿಂದ ಬಹಳ ದೂರ. ಹೆಣದ ಗಾಡಿಗಳ ಮೆರವಣಿಗೆ ದಾರಿಯುದ್ದಕ್ಕೂ ನೋಡಲಾಗದೆ ಜನ ಗೊಣಗಿದರು. ಶವಪೆಟ್ಟಿಗೆಯನ್ನು ನೆಲದಡಿಯ ಕೊಳವೆಯಲ್ಲಿ ಗಾಳಿಯ ಒತ್ತಡದಿಂದ ತಳ್ಳುವ ಯೋಜನೆಯನ್ನೂ ಇಬ್ಬರು ಮುಂದಿಟ್ಟಿದ್ದರು, ಕೈಗೂಡಲಿಲ್ಲ. ಕೊನೆಗೆ ಆ ಕೆಲಸ ನಿಜಕ್ಕೂ ಟ್ರಾಂಗೇ ಬಂತು. 1918ರ ಇನ್‌ಫ್ಲುಯೆಂಜಾದಲ್ಲಿ, ಮತ್ತೆ ಎರಡನೇ ಮಹಾಯುದ್ಧದಲ್ಲಿ, ಹೆಣಗಳನ್ನು ಟ್ರಾಂನಲ್ಲಿ ಸಾಗಿಸಿದರು.

ದಾರಿಯಲ್ಲಿ ಸಾಂಕ್ಟ್ ಮಾರ್ಕ್ಸ್ ಬರುತ್ತದೆ. 1791ರಲ್ಲಿ ಮೊಜಾರ್ಟ್‌ನನ್ನು ಹೂತದ್ದು ಅಲ್ಲಿನ ಹಳೆಯ ಸ್ಮಶಾನದಲ್ಲಿ, ಗುರುತಿಲ್ಲದ ಸಾಮಾನ್ಯ ಗುಂಡಿಯಲ್ಲಿ. ಕೇಂದ್ರ ಸ್ಮಶಾನಕ್ಕೆ ಮೂರು ಸ್ಟಾಪುಗಳಿವೆ, ಮೂರು ಗೇಟಿಗೆ. ಸಂಗೀತಗಾರರನ್ನು ನೋಡಬೇಕೆಂದರೆ ಎರಡನೇ ಗೇಟಿಗೇ ಇಳಿಯಬೇಕು. ಹಾದುಹೋದರೆ ಗೋಡೆಯ ಪಕ್ಕ ಬಹಳ ದೂರ ನಡೆಯುವ ಶಿಕ್ಷೆ. ಸುಮಾರು 250 ಹೆಕ್ಟೇರಿನ ಈ ಮಸಣದೊಳಗೆ ಬಸ್ಸೂ ಓಡುತ್ತದೆ, ಜಿಂಕೆಗಳೂ ಇವೆ. ಬೀಥೋವನ್, ಶುಬರ್ಟ್ ಇಬ್ಬರನ್ನೂ ಬೇರೆ ಸ್ಮಶಾನದಿಂದ ಅಗೆದು 1888ರಲ್ಲಿ ಇಲ್ಲಿಗೆ ತಂದರು. ಬ್ರಾಮ್ಸ್, ಸ್ಟ್ರಾಸ್ ಪಕ್ಕದಲ್ಲೇ ಇದ್ದಾರೆ. ಹೂಗುಚ್ಛಗಳೆಲ್ಲ ಅಲ್ಲೇ ಬೀಳುತ್ತವೆ. ಕೆಲವೇ ಜನ ಹುಡುಕಿಕೊಂಡು ಹೋಗುವುದು ಭೌತವಿಜ್ಞಾನಿ ಬೋಲ್ಟ್ಸ್‌ಮನ್‌ನ ಸಮಾಧಿಗೆ. ಬಿಳಿ ಕಲ್ಲಿನ ಎದೆಮಟ್ಟದ ಪ್ರತಿಮೆ, ಅದರ ಮೇಲೆ ಎಂಟ್ರೊಪಿಯ ಸೂತ್ರ, ಬೇರೆ ಹೊಗಳಿಕೆ ಏನೂ ಇಲ್ಲ.

ಎರಡನೇ ಗೇಟಿನಲ್ಲೇ ಶವಸಂಸ್ಕಾರದ ಮ್ಯೂಸಿಯಂ ಇದೆ. ಮರ ಉಳಿಸಲೆಂದು ಅದೇ ಎರಡನೇ ಜೋಸೆಫ್ ಜಾರಿಗೆ ತಂದಿದ್ದ, ಅಡಿಭಾಗ ಕಳಚಿಕೊಳ್ಳುವ ಮರುಬಳಕೆಯ ಶವಪೆಟ್ಟಿಗೆ ಅಲ್ಲಿದೆ. ಸನ್ನೆ ಎಳೆದರೆ ಹೆಣ ಗುಂಡಿಗೆ, ಪೆಟ್ಟಿಗೆ ಮುಂದಿನವರಿಗೆ. ಜನ ಸಿಟ್ಟಾದದ್ದರಿಂದ ಚಕ್ರವರ್ತಿ ಬೇಗ ಹಿಂದೆಗೆಯಬೇಕಾಯಿತು. ವೈನ್ ಅಂಗಳದ ಅಪ್ಪಣೆ ಮಾತ್ರ ಇವತ್ತಿಗೂ ನಡೆಯುತ್ತಿದೆ.

ಟ್ರಾಂಗಳು ಮಧ್ಯರಾತ್ರಿಯ ಆಸುಪಾಸಿಗೆ ನಿಲ್ಲುತ್ತವೆ. ಶುಕ್ರವಾರ, ಶನಿವಾರದ ರಾತ್ರಿಗಳಲ್ಲಿ ಮೆಟ್ರೋ ಬೆಳಗಿನವರೆಗೂ ಇದೆ. ಉಳಿದ ದಿನ ತಡವಾದರೆ ಎನ್ ಅಕ್ಷರದ ಬಸ್ಸು ಹುಡುಕಬೇಕು. ಅಲ್ಲೂ ಹಳೆಯ ಲೆಕ್ಕ ಕೈಕೊಡುವುದಿಲ್ಲ. ಎನ್38 ಬಂದರೆ ಗ್ರಿನ್‌ತ್ಸಿಂಗ್ ಕಡೆ, ಎನ್49 ಬಂದರೆ ಪಶ್ಚಿಮಕ್ಕೆ. ನಿಮ್ಮ ಹೋಟೆಲು ಯಾವ ಟ್ರಾಂ ದಾರಿಯಲ್ಲಿದೆ ಎಂಬುದು ನೆನಪಿದ್ದರೆ ರಾತ್ರಿ ಎರಡು ಗಂಟೆಗೂ ಆ ನಂಬರಿನ ಹಿಂದೆಮುಂದೆ ಯಾವುದಾದರೊಂದು ಬಸ್ಸು ಸಿಗುತ್ತದೆ, ಅದೇ ಪಾಸಿನಲ್ಲಿ.